ಪುಟ ಬಂದಿತು, ಪಟ ಬಾರಲಿಲ್ಲ

ಮನೆಯ ರೇಡಿಯೊ ಒಂದು ಸಂಜೆ ಇದ್ದಕ್ಕಿದ್ದಂತೆ ಮೂಕವಾಯಿತೆಂದು ಇಟ್ಟುಕೊಳ್ಳಿ. ತಾವು ಮೊದಲು ಏನು ಮಾಡುತ್ತೀರಿ? ತಿರುಪು ಬಿಚ್ಚಿ ಒಳಗೆ ಕೈಹಾಕುವುದಿಲ್ಲವಷ್ಟೆ. ಬೇರೊಂದು ನಿಲಯಕ್ಕೆ ತಿರುಗಿಸಿ ನೋಡುತ್ತೀರಿ. ನೆರೆಮನೆಯಲ್ಲಿ ವಾರ್ತೆ ಕೇಳಿಸುತ್ತಿದೆಯೇ ಎಂದು ಕಿವಿಗೊಡುತ್ತೀರಿ. ದೋಷ ನಿಲಯದ್ದೋ ನಮ್ಮ ಪೆಟ್ಟಿಗೆಯದೋ ಎಂಬುದು ಅಷ್ಟರಿಂದಲೇ ಅರ್ಧ ತಿಳಿದುಹೋಗುತ್ತದೆ. ಕಂಪ್ಯೂಟರಿನಲ್ಲಿ ಜಾಲಪುಟವೊಂದು ತೆರೆದು, ಅಕ್ಷರಗಳೆಲ್ಲ ಕಾಣಿಸಿ, ಚಿತ್ರವಿರಬೇಕಾದ ಕಡೆ ಬರಿಯ ಚೌಕ ಉಳಿದಾಗಲೂ ಇದೇ ಕ್ರಮ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ಪೇಚಿನಿಂದ.

ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾಗಿತ್ತು. ಅಂದೇ ಕೊನೆಯ ದಿನ. ತಾಯಿ ಕೂಲಿ ಬಿಟ್ಟು ಮಗಳೊಡನೆ ಬಂದಿದ್ದರು. ಶಾಲೆಯ ಕಂಪ್ಯೂಟರಿನಲ್ಲಿ ಅರ್ಜಿಯೆಲ್ಲ ತುಂಬಿದ ಮೇಲೆ, ಚಿತ್ರದಲ್ಲಿರುವ ಅಕ್ಷರಗಳನ್ನು ಬರೆಯಿರಿ ಎಂಬ ಸೂಚನೆ ಬಂತು, ಚಿತ್ರವೇ ಇಲ್ಲ! ಅರ್ಜಿದಾರರು ಮನುಷ್ಯರೇ ಹೊರತು ಯಂತ್ರವಲ್ಲವೆಂದು ಖಾತರಿ ಮಾಡಿಕೊಳ್ಳುವ ಈ ಉಪಾಯಕ್ಕೆ ಕ್ಯಾಪ್ಚ ಎನ್ನುತ್ತಾರೆ. ಅದು ಕಾಣದೆ ಅರ್ಜಿ ಮುಂದಕ್ಕೆ ಸರಿಯದು. ನಾನು ಆ ದೂರದ ಕಚೇರಿಯವರನ್ನು ಬಯ್ಯತೊಡಗಿದೆ. “ನಾಳೆ ಬಂದರೆ ಆಗುತ್ತದೆಯೇ, ಮೇಷ್ಟ್ರೇ?” ಎಂದು ಆ ತಾಯಿ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಪುಟ ಬಂದು ಪಟ ಬಾರದಿರುವುದು ಹೇಗೆ? ಜಾಲಪುಟವು ಅಚ್ಚಾದ ಪುಸ್ತಕದ ಹಾಳೆಯಂತೆ ಚಿತ್ರಸಮೇತವಾಗಿ ಬರುವುದೆಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ. ಮೊದಲು ಬರುವುದು ಬರಿಯ ಬರಹ. ಇಂಥ ಚಿತ್ರ ಇಂಥ ವಿಳಾಸದಲ್ಲಿದೆ, ತಂದು ಇಲ್ಲಿಡು ಎಂಬ ಅಪ್ಪಣೆ ಆ ಬರಹದೊಳಗೇ ಅಡಗಿರುತ್ತದೆ. ಬ್ರೌಸರು ಅದನ್ನೋದಿ ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ಕೇಳಿ ತರುತ್ತದೆ. ಮದುವೆಮನೆಯ ಯಜಮಾನರು ಸಾಮಾನಿನ ಪಟ್ಟಿ ಕೊಟ್ಟು ಆಳನ್ನು ನಾಲ್ಕು ಅಂಗಡಿಗಳಿಗೆ ಕಳುಹಿದಂತೆ. ಪಟ್ಟಿ ಕೈಯಲ್ಲಿದೆಯೆಂದ ಮಾತ್ರಕ್ಕೆ ಬೆಲ್ಲ ಮನೆಗೆ ಬಂದಂತಾಯಿತೇ? ಈ ಅಪ್ಪಣೆಯ ಗುರುತನ್ನು 1993ರ ಫೆಬ್ರವರಿಯಲ್ಲಿ ಸೂಚಿಸಿದವನು ಮಾರ್ಕ್ ಆಂಡ್ರೀಸನ್ ಎಂಬ ಅಮೆರಿಕದ ತರುಣ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ಮೊಸಾಯಿಕ್ ಬ್ರೌಸರಿನಿಂದ ಬರಹದ ನಡುವೆಯೇ ಚಿತ್ರ ಕಾಣಿಸುವ ಪದ್ಧತಿ ಜನಪ್ರಿಯವಾಯಿತು.

ಆದಕಾರಣ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಒಂದು ಚಿತ್ರ ಬಂದಿಲ್ಲವೋ, ಒಂದು ತಾಣದ ಚಿತ್ರಗಳೆಲ್ಲ ಬಂದಿಲ್ಲವೋ, ಎಲ್ಲ ತಾಣಗಳ ಚಿತ್ರಗಳೂ ಬಂದಿಲ್ಲವೋ? ಒಂದು ಮಾತ್ರವಾದರೆ ದೋಷ ಬಹುಮಟ್ಟಿಗೆ ಕಳುಹಿಸುವವರದು. ಎಲ್ಲೆಲ್ಲಿಯೂ ಚಿತ್ರವಿಲ್ಲವಾದರೆ ದೋಷವನ್ನು ನಮ್ಮ ಮನೆಯಲ್ಲೇ ಹುಡುಕಬೇಕು. ಒಂದು ತಾಣದ್ದಷ್ಟೇ ಆದರೆ ಅದೇ ಪುಟವನ್ನು ಬೇರೊಂದು ಯಂತ್ರದಲ್ಲಿ, ಸಾಧ್ಯವಾದರೆ ಬೇರೊಂದು ಸಂಪರ್ಕದಲ್ಲಿ ತೆರೆದು ನೋಡಿ. ಇದೇ ನೆರೆಮನೆಯ ರೇಡಿಯೊ.

ದೋಷ ಅತ್ತಲಿನದಾದಾಗ ಕಾರಣಗಳು ಹಲವು. ಚಿತ್ರವನ್ನು ತೆಗೆದುಹಾಕಿರಬಹುದು ಅಥವಾ ವಿಳಾಸವನ್ನು ತಪ್ಪಾಗಿ ಬರೆದಿರಬಹುದು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೇರೆ ಬೇರೆಯೆಂದು ಎಣಿಸುವ ಸರ್ವರುಗಳುಂಟು. ಅಲ್ಲಿ ಒಂದಕ್ಷರದ ವ್ಯತ್ಯಾಸವೂ ಸಾಕು, ವ್ಯಾಕರಣದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾದರೆ ಅರ್ಥ ಕೆಡುವಂತೆ. ಚಿತ್ರದ ಜಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅದನ್ನು ಹೊಸ ಟ್ಯಾಬಿನಲ್ಲಿ ತೆರೆಯಲು ಅವಕಾಶ ಕಂಡರೆ ತೆರೆದು ನೋಡಿ. 404 ಎಂದು ಬಂದರೆ ಆ ವಿಳಾಸದಲ್ಲಿ ವಸ್ತುವಿಲ್ಲ. 403 ಎಂದರೆ ಕೊಡಲು ಒಪ್ಪಿಗೆಯಿಲ್ಲ. 500ರಿಂದ ಮೊದಲಾಗುವ ಸಂಖ್ಯೆಗಳು ಬಂದರೆ ಸರ್ವರಿನಲ್ಲೇ ತೊಡಕು. ಇವುಗಳಿಗೆ ನಮ್ಮ ಕಡೆ ಮದ್ದು ಕಡಮೆ. ತಾಣದವರಿಗೆ ತಿಳಿಸಿ ಕಾಯಬೇಕು. ಐಫೋನಿನಲ್ಲಿ ತೆಗೆದ ಭಾವಚಿತ್ರ ಹೈಕ್ ಎಂಬ ರೂಪದಲ್ಲಿದ್ದರೆ ಅನೇಕ ಬ್ರೌಸರುಗಳು ಅದನ್ನು ತೋರಿಸಲಾರವು. ಜೆಪೆಗ್ ರೂಪಕ್ಕೆ ಬದಲಿಸಿ ಕಳುಹುವುದು ಲೇಸು.

ದೋಷ ಇತ್ತಲಿನದಾದರೆ ಕ್ರಮವಾಗಿ ಹೋಗೋಣ. ಮೊದಲನೆಯದಾಗಿ, ಸಂಪರ್ಕ ಮಂದವಾಗಿದೆಯೇ ನೋಡಿ. ಚಿತ್ರ ಬರಹಕ್ಕಿಂತ ಬಹಳ ಭಾರ. ತೆಳುವಾದ ದಾರಿಯಲ್ಲಿ ಬರಹ ನುಸುಳಿ ಬಂದು ಚಿತ್ರ ಹಿಂದುಳಿಯುತ್ತದೆ. ಎರಡನೆಯದಾಗಿ, ಪುಟವನ್ನು ಹೊಸದಾಗಿ ತರಿಸಿ. ಬ್ರೌಸರು ಒಮ್ಮೆ ತಂದುದನ್ನು ಕ್ಯಾಶೆ ಎಂಬ ಅಟ್ಟದಲ್ಲಿ ಕೂಡಿಡುತ್ತದೆ. ಅಲ್ಲಿರುವುದು ಕೆಟ್ಟಿದ್ದರೆ ಕೆಟ್ಟುದನ್ನೇ ಬಡಿಸೀತು. ವಿಂಡೋಸ್ ಕಂಪ್ಯೂಟರಿನ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಟ್ಟವನ್ನು ನೋಡದೆ ಹೊಸದನ್ನೇ ತರುತ್ತದೆ. ಅರ್ಜಿ ಅರ್ಧ ತುಂಬಿದ್ದರೆ ಹೀಗೆ ಮಾಡುವ ಮುನ್ನ ಬರೆದುದನ್ನು ಬೇರೆಡೆ ಗುರುತುಹಾಕಿಕೊಳ್ಳಿ, ಅಳಿಸಿಹೋಗಬಹುದು. ಅಟ್ಟವನ್ನೇ ಬರಿದುಮಾಡುವಾಗ ಚಿತ್ರ, ಕಡತಗಳನ್ನು ಮಾತ್ರ ಆರಿಸಿ. ಗುಪ್ತಪದಗಳನ್ನೂ ಗುಡಿಸಿಹಾಕಿ ಆಮೇಲೆ ಪರಿತಪಿಸುವವರುಂಟು.

ಮೂರನೆಯದಾಗಿ, ಜಾಹೀರಾತು ತಡೆಯಲೆಂದು ಸೇರಿಸಿಕೊಂಡ ಎಕ್ಸ್‌ಟೆನ್ಷನ್ನುಗಳು ಬಾಗಿಲ ಕಾವಲುಗಾರರಿದ್ದಂತೆ. ಕೆಲವೊಮ್ಮೆ ನೆಂಟರನ್ನೂ ತಡೆದುಬಿಡುತ್ತವೆ. ಕ್ರೋಮಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅವು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಚಿತ್ರ ಕಂಡರೆ ಕಾವಲುಗಾರನ ಮೇಲೆ ಅಥವಾ ಹಳೆಯ ಅಟ್ಟದ ಮೇಲೆ ಅನುಮಾನ ಪಡಬಹುದು. ನಾಲ್ಕನೆಯದಾಗಿ, ಯಂತ್ರದ ತಾರೀಖನ್ನು ನೋಡಿ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಮೊದಲ ದಿನ, ಕಡೆಯ ದಿನ ಎಂದುಂಟು. ಒಳಗಿನ ಚಿಕ್ಕ ಬ್ಯಾಟರಿ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದೆ ಹೋದರೆ, ಬ್ರೌಸರು ಸಾಚಾ ಪತ್ರವನ್ನೂ ನಂಬದು. ಆಗ ತಾರೀಖು ತಿದ್ದಬೇಕೇ ಹೊರತು ಎಚ್ಚರಿಕೆಯನ್ನು ದಾಟಿ ಮುನ್ನುಗ್ಗಬಾರದು. ಐದನೆಯದಾಗಿ, ಬ್ರೌಸರು ತೀರ ಹಳೆಯದಾದರೆ ವೆಬ್‌ಪಿಯಂಥ ಹೊಸ ಚಿತ್ರರೂಪಗಳನ್ನು ಅದು ಓದಲಾರದು, ಹೊಸದಾಗಿಸಿಕೊಳ್ಳಿ. ಆರನೆಯದು, ಚಿತ್ರಗಳನ್ನು ತೋರಿಸಬೇಡ ಎಂಬ ಆಜ್ಞೆ. ಕಂಪ್ಯೂಟರಿನ ಕ್ರೋಮಿನಲ್ಲಿ ಸೆಟ್ಟಿಂಗ್ಸ್‌ನ ಗೋಪ್ಯತೆಯ ವಿಭಾಗದೊಳಗೆ ತಾಣಗಳ ಸೆಟ್ಟಿಂಗ್ಸ್, ಅದರೊಳಗೆ ಚಿತ್ರಗಳು ಎಂಬ ಸಾಲಿನಲ್ಲಿ ಇದು ಸಿಕ್ಕುತ್ತದೆ.

ಈ ಆರನೆಯದನ್ನು ನಾನು ಮರೆಯುವಂತಿಲ್ಲ. ನಾನು ಕಚೇರಿಯನ್ನು ಬಯ್ಯುತ್ತಿದ್ದಾಗ ಹುಡುಗಿ ಮೆಲ್ಲಗೆ, “ಸಾರ್, ನಿಮ್ಮ ಮೊಬೈಲಿನಲ್ಲಿ ಒಂದು ಸಲ ನೋಡೋಣವೇ?” ಎಂದಳು. ನೋಡಿದೆವು. ಚಿತ್ರ ಸ್ಪಷ್ಟವಾಗಿ ಮೂಡಿತು. ಕಚೇರಿಯದು ತಪ್ಪಿರಲಿಲ್ಲ. ಬೇರೆ ತಾಣಗಳನ್ನು ತೆರೆದು ನೋಡಿದರೆ ಶಾಲೆಯ ಯಂತ್ರದಲ್ಲಿ ಯಾವ ಚಿತ್ರವೂ ಇಲ್ಲ. ಆಗ ನೆನಪಾಯಿತು: ಎರಡು ವರ್ಷದ ಹಿಂದೆ, ಮೊಬೈಲಿನಿಂದ ಸಂಪರ್ಕ ಪಡೆಯುತ್ತಿದ್ದ ದಿನಗಳಲ್ಲಿ, ಡೇಟಾ ಉಳಿಸಲೆಂದು ಚಿತ್ರಗಳನ್ನು ನಿಲ್ಲಿಸಿದವನು ನಾನೇ! ಸುತ್ತೋಲೆ ಓದುವುದಕ್ಕೆ ಚಿತ್ರ ಬೇಕಿರಲಿಲ್ಲವಾಗಿ ಆ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಜ್ಞೆಯನ್ನು ಹಿಂತೆಗೆದುಕೊಂಡೆ. ಮತ್ತೊಮ್ಮೆ ಅರ್ಜಿ ತುಂಬಿದೆವು. ಸಂಜೆ ಐದೂವರೆಗೆ ಅದು ಸೇರಿತು.

ತಾಳೆಗರಿಯ ಪ್ರತಿಯಲ್ಲಿ ಒಂದು ಪದ ಕಾಣದಿದ್ದರೆ, ಓಲೆ ಮುರಿದಿದೆಯೋ, ಲಿಪಿಕಾರ ಬಿಟ್ಟನೋ, ಓದುವವನ ಕಣ್ಣೇ ಮಂಜಾಗಿದೆಯೋ ಎಂದು ವಿಚಾರಿಸಬೇಕೆಂಬುದು ಪಂಡಿತ ತರಗತಿಯಲ್ಲಿ ನಮಗೆ ಕಲಿಸಿದ ಪಾಠ. ನಾನು ಅದನ್ನು ಮರೆತು ಲಿಪಿಕಾರನನ್ನೇ ಮೊದಲು ದೂರಿದೆ. ತಮ್ಮ ಮನೆಯ ಮಕ್ಕಳೋ ನೆರೆಯವರೋ ಕೊನೆಯ ದಿನ ಬರಿಯ ಚೌಕದ ಮುಂದೆ ಕಂಗೆಟ್ಟು ಕುಳಿತಿದ್ದರೆ, ನಾಳೆ ನೋಡೋಣ ಎನ್ನಬೇಡಿ. ನೆರೆಮನೆಯ ರೇಡಿಯೊ ಕೇಳಿಸುತ್ತಿದೆಯೇ ಎಂದು ಮೊದಲು ನೋಡಿ.