ವಿದೇಶಕ್ಕೆ ಸ್ಥಳಾಂತರಗೊಂಡಾಗ ವಿದ್ಯುತ್ ಉಪಕರಣಗಳ ಪ್ಲಗ್ ಬದಲಾವಣೆ

ವಿದ್ಯುತ್ ಉಪಕರಣಗಳ ಪ್ಲಗ್ ಬದಲಾವಣೆ ಎಂದರೆ, ಒಂದು ದೇಶದಲ್ಲಿ ಕೊಂಡ ಉಪಕರಣವನ್ನು ಇನ್ನೊಂದು ದೇಶದ ಗೋಡೆಯ ಸಾಕೆಟ್‌ಗೆ ಹೊಂದಿಸುವ ಸಲುವಾಗಿ ಅದರ ತಂತಿಯ ತುದಿಯಲ್ಲಿರುವ ಪ್ಲಗ್ಗನ್ನು ತೆಗೆದು, ಆ ದೇಶದಲ್ಲಿ ಬಳಕೆಯಲ್ಲಿರುವ ಮಾದರಿಯ ಪ್ಲಗ್ಗನ್ನು ಜೋಡಿಸುವ ಕೆಲಸ. ಉದ್ಯೋಗ ಅಥವಾ ವ್ಯಾಸಂಗದ ನಿಮಿತ್ತ ಭಾರತದಿಂದ ಬ್ರಿಟನ್, ಕೊಲ್ಲಿ ರಾಷ್ಟ್ರಗಳು, ಸಿಂಗಪುರ, ಅಮೆರಿಕ ಮುಂತಾದೆಡೆ ನೆಲೆಸುವವರು ಮಿಕ್ಸಿ, ವೆಟ್ ಗ್ರೈಂಡರ್, ಇಸ್ತ್ರಿಪೆಟ್ಟಿಗೆ ಮೊದಲಾದವನ್ನು ಜೊತೆಗೆ ಒಯ್ಯುವಾಗ ಈ ಪ್ರಶ್ನೆ ಎದುರಾಗುತ್ತದೆ. ಮರಳಿ ಬರುವವರಿಗೂ ಅದೇ ಪ್ರಶ್ನೆ ತಿರುವುಮುರುವಾಗಿ ಎದುರಾಗುತ್ತದೆ. ಪ್ಲಗ್ ಬದಲಾಯಿಸಿದಾಗ ಬದಲಾಗುವುದು ಪಿನ್ನುಗಳ ಆಕಾರ ಮಾತ್ರ. ಗೋಡೆಯಿಂದ ಹರಿದುಬರುವ ವಿದ್ಯುತ್ತಿನ ವೋಲ್ಟೇಜ್ ಹಾಗೂ ಆವೃತ್ತಿ ಇದ್ದಂತೆಯೇ ಇರುತ್ತವೆ. ಈ ವ್ಯತ್ಯಾಸವನ್ನು ಗಮನಿಸದೆ ಮಾಡಿದ ಕೆಲಸದಿಂದ ಉಪಕರಣ ಸುಟ್ಟುಹೋಗುವುದುಂಟು. ಭೂಸಂಪರ್ಕ ತಪ್ಪಿದಲ್ಲಿ ಪ್ರಾಣಾಪಾಯವೂ ಉಂಟು.

ಹಿನ್ನೆಲೆ

ಆರಂಭದಲ್ಲಿ ಮನೆಗಳಿಗೆ ವಿದ್ಯುತ್ತು ಬಂದದ್ದು ಮುಖ್ಯವಾಗಿ ದೀಪಕ್ಕಾಗಿ. ಉಪಕರಣಗಳು ಒಂದೊಂದಾಗಿ ಬಂದ ಮೇಲೆ ಅವುಗಳನ್ನು ತಂತಿಗೆ ಸೇರಿಸುವ ಸಾಧನವನ್ನು ಆಯಾ ದೇಶದ ತಯಾರಕರು ತಮಗೆ ತೋಚಿದಂತೆ ರೂಪಿಸಿದರು. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1906ರಲ್ಲೇ ಲಂಡನ್ನಿನಲ್ಲಿ ಸ್ಥಾಪನೆಯಾಯಿತಾದರೂ, ಜಗತ್ತಿಗೆಲ್ಲ ಒಂದೇ ಪ್ಲಗ್ ಎಂಬ ವಿಚಾರ ಮಾನದಂಡದ ರೂಪ ತಳೆದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ಪ್ರತಿಯೊಂದು ದೇಶದ ಗೋಡೆಗಳಲ್ಲೂ ಕೋಟ್ಯಂತರ ಸಾಕೆಟ್‌ಗಳು ಕೂತಿದ್ದವು. ಆ ಮಾನದಂಡವನ್ನು ದಕ್ಷಿಣ ಆಫ್ರಿಕವೂ, ಕೆಲವು ಮಾರ್ಪಾಟುಗಳೊಂದಿಗೆ ಬ್ರೆಜಿಲ್ ದೇಶವೂ ಸ್ವೀಕರಿಸಿದವು. ಉಳಿದ ಬಹುಪಾಲು ದೇಶಗಳು ಹಳೆಯದನ್ನೇ ಉಳಿಸಿಕೊಂಡವು. ಇಂದು ಬಳಕೆಯಲ್ಲಿರುವ ಮಾದರಿಗಳನ್ನು ಎ, ಬಿ, ಸಿ, ಡಿ ಎಂಬ ಅಕ್ಷರಗಳಿಂದ ಗುರುತಿಸುವುದು ರೂಢಿ.

ಭಾರತದ ಮೂರು ದುಂಡು ಪಿನ್ನುಗಳ ಪ್ಲಗ್ ಮೂಲತಃ ಬ್ರಿಟನ್ನಿನದು. 1934ರ ಬಿಎಸ್ 546 ಎಂಬ ಬ್ರಿಟಿಷ್ ಮಾನದಂಡದಲ್ಲಿ 2, 5, 15 ಹಾಗೂ 30 ಆಂಪಿಯರ್‌ಗಳ ದುಂಡು ಪಿನ್ನಿನ ಪ್ಲಗ್‌ಗಳಿದ್ದವು. ಅವುಗಳಲ್ಲಿ 5 ಮತ್ತು 15 ಆಂಪಿಯರ್‌ನವು ಭಾರತದಲ್ಲಿ ನೆಲೆಯೂರಿ, ಈಗ ಐಎಸ್ 1293 ಎಂಬ ಭಾರತೀಯ ಮಾನದಂಡದಡಿ 6 ಮತ್ತು 16 ಆಂಪಿಯರ್‌ನವೆಂದು ಕರೆಯಲ್ಪಡುತ್ತವೆ. ಸಣ್ಣದಕ್ಕೆ ಡಿ ಮಾದರಿ, ದೊಡ್ಡದಕ್ಕೆ ಎಂ ಮಾದರಿ ಎಂಬ ಹೆಸರಿದೆ. ಜನರ ಬಾಯಲ್ಲಿ ದೊಡ್ಡದು 'ಪವರ್ ಪ್ಲಗ್'. ಪ್ಲಗ್ಗನ್ನು ಕೊಟ್ಟ ಬ್ರಿಟನ್ ತಾನೇ ಅದನ್ನು ಮನೆಬಳಕೆಯಿಂದ ಕೈಬಿಟ್ಟಿತು. ಬೆಂಗಳೂರಿನಿಂದ ಲಂಡನ್ನಿಗೆ ಹೋದ ಮಿಕ್ಸಿಯ ಪ್ಲಗ್ ಅಲ್ಲಿ ಕೂಡದೆ ಹೋಗುವುದು ಈ ಕಾರಣದಿಂದಲೇ.

ಬ್ರಿಟಿಷ್ ಪ್ಲಗ್ ಮತ್ತು ಅದರೊಳಗಿನ ಫ್ಯೂಸ್

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯುದ್ಧಾನಂತರ ಕಟ್ಟಬೇಕಾದ ಮನೆಗಳ ವಿದ್ಯುತ್ ವ್ಯವಸ್ಥೆಯ ಕುರಿತು ಬ್ರಿಟನ್ನಿನಲ್ಲಿ ಒಂದು ಸಮಿತಿ ನೇಮಕವಾಯಿತು. ಮಹಿಳೆಯರಿಗೆ ವಿದ್ಯುತ್ತಿನ ಬಳಕೆಯನ್ನು ಪರಿಚಯಿಸಲು ಶ್ರಮಿಸಿದ ಎಂಜಿನಿಯರ್ ಕ್ಯಾರೊಲೀನ್ ಹ್ಯಾಸ್ಲೆಟ್ ಅದರ ಏಕೈಕ ಮಹಿಳಾ ಸದಸ್ಯೆ. 1947ರಲ್ಲಿ ಪ್ರಕಟವಾದ ಬಿಎಸ್ 1363 ಮಾನದಂಡದ ಚಪ್ಪಟೆ ಪಿನ್ನುಗಳ ಪ್ಲಗ್ (ಜಿ ಮಾದರಿ) ಈ ಚಿಂತನೆಯ ಫಲ. ಇದರಲ್ಲಿ ಭೂಸಂಪರ್ಕದ ಪಿನ್ ಉಳಿದೆರಡಕ್ಕಿಂತ ಉದ್ದವಾಗಿದ್ದು ಮೊದಲು ಒಳಹೋಗುತ್ತದೆ. ಅದು ಒಳಹೋದಾಗಲೇ ಉಳಿದ ರಂಧ್ರಗಳ ಮುಚ್ಚಳ ತೆರೆದುಕೊಳ್ಳುತ್ತದೆ. ಮಗುವೊಂದು ಕಡ್ಡಿಯನ್ನೋ ಮೊಳೆಯನ್ನೋ ತೂರಿಸದಂತೆ ತಡೆಯುವುದು ಇದರ ಉದ್ದೇಶ.

ಈ ಪ್ಲಗ್ಗಿನ ಒಳಗೆ ಒಂದು ಸಣ್ಣ ಫ್ಯೂಸ್ ಇದೆ. ಭಾರತದ ಪ್ಲಗ್‌ಗಳಲ್ಲಿ ಇದು ಇರುವುದಿಲ್ಲ. ತಾಮ್ರದ ಉಳಿತಾಯಕ್ಕಾಗಿ ಬ್ರಿಟನ್ನಿನಲ್ಲಿ ಅನೇಕ ಸಾಕೆಟ್‌ಗಳನ್ನು ಉಂಗುರದಂತೆ ಸುತ್ತುವ ಒಂದೇ ತಂತಿಗೆ ಜೋಡಿಸುವ ಪದ್ಧತಿ ಬಂತು. ಆ ಮಂಡಲದ ರಕ್ಷಕ ಸ್ವಿಚ್ ಈಗ ಸಾಮಾನ್ಯವಾಗಿ 32 ಆಂಪಿಯರ್‌ನದು. ಮೇಜಿನ ದೀಪದ ತೆಳುವಾದ ತಂತಿಯಲ್ಲಿ ದೋಷವುಂಟಾಗಿ 20 ಆಂಪಿಯರ್ ಹರಿದರೂ ಅದು ಬೀಳದಿರಬಹುದು. ಅಷ್ಟರಲ್ಲಿ ತಂತಿ ಕಾದು ಹೊತ್ತಿಕೊಳ್ಳಬಹುದು. ಆದ್ದರಿಂದ ಪ್ರತಿ ಉಪಕರಣದ ತಂತಿಗೆ ಅದರ ಪ್ಲಗ್ಗಿನಲ್ಲಿರುವ ಫ್ಯೂಸೇ ಕಾವಲು. ಸುಮಾರು 700 ವ್ಯಾಟ್‌ವರೆಗಿನ ಉಪಕರಣಗಳಿಗೆ 3 ಆಂಪಿಯರ್, ಅದಕ್ಕಿಂತ ಹೆಚ್ಚಿನವಕ್ಕೆ 13 ಆಂಪಿಯರ್ ಫ್ಯೂಸ್ ಹಾಕುವುದು ಸಾಮಾನ್ಯ ಕ್ರಮ. ತಯಾರಕರ ಸೂಚನೆ ಬೇರೆಯಾಗಿದ್ದರೆ ಅದನ್ನೇ ಅನುಸರಿಸಬೇಕು. ಅಂಗಡಿಯಲ್ಲಿ ಸಿಗುವ ಬಿಡಿ ಪ್ಲಗ್‌ಗಳಲ್ಲಿ ಹೆಚ್ಚಾಗಿ 13 ಆಂಪಿಯರ್ ಫ್ಯೂಸೇ ಇರುವುದರಿಂದ, ಭಾರತದಿಂದ ತಂದ ಸಣ್ಣ ದೀಪಕ್ಕೋ ರೇಡಿಯೋಗೋ ಅದನ್ನು ಹಾಗೆಯೇ ಜೋಡಿಸಿದರೆ ಉಪಕರಣ ಕೆಲಸವನ್ನೇನೋ ಮಾಡುತ್ತದೆ, ಕಾವಲು ಮಾತ್ರ ಇಲ್ಲವಾಗುತ್ತದೆ. ಪ್ಲಗ್ ಸರಿಯಾಗಿ ಕೂತಿತೆಂಬ ಸಮಾಧಾನದಲ್ಲಿ ಈ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ.

ಬ್ರಿಟನ್ನಿನಿಂದ ಭಾರತಕ್ಕೆ ಬರುವ ಉಪಕರಣಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿನ ನೀರು ಕಾಯಿಸುವ ಕೆಟಲ್‌ಗಳು ಅನೇಕವೇಳೆ 3000 ವ್ಯಾಟ್‌ನವು. 13 ಆಂಪಿಯರ್‌ನಷ್ಟು ವಿದ್ಯುತ್ತನ್ನು ಎಳೆಯುತ್ತವೆ. ಅದರ ಪ್ಲಗ್ ಕತ್ತರಿಸಿ 6 ಆಂಪಿಯರ್‌ನ ಸಣ್ಣ ತ್ರೀ ಪಿನ್ ಪ್ಲಗ್ ಹಾಕಿದರೆ ಪ್ಲಗ್ಗೂ ಸಾಕೆಟ್ಟೂ ಕಾದು ಕರಗುತ್ತವೆ. ಅಂಥದಕ್ಕೆ 16 ಆಂಪಿಯರ್‌ನ ಪ್ಲಗ್ ಮತ್ತು ಅದಕ್ಕೆ ತಕ್ಕ ಸಾಕೆಟ್ ಬೇಕು.

ವೋಲ್ಟೇಜ್ ಮತ್ತು ಆವೃತ್ತಿ

ಭಾರತ, ಬ್ರಿಟನ್, ಯೂರೋಪಿನ ಬಹುತೇಕ ದೇಶಗಳು, ಸಿಂಗಪುರ ಮತ್ತು ಆಸ್ಟ್ರೇಲಿಯಗಳಲ್ಲಿ ಮನೆಬಳಕೆಯ ವಿದ್ಯುತ್ತು ಸುಮಾರು 230 ವೋಲ್ಟ್, 50 ಹರ್ಟ್ಜ್. ಇವುಗಳ ನಡುವೆ ಸಾಗುವ ಉಪಕರಣಕ್ಕೆ ಸಾಮಾನ್ಯವಾಗಿ ಪ್ಲಗ್ ಬದಲಾವಣೆಯೇ ಸಾಕು. ಅಮೆರಿಕ ಮತ್ತು ಕೆನಡಾಗಳಲ್ಲಿ ಇದು 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ 100 ವೋಲ್ಟ್. ಅಲ್ಲಿನ ಪೂರ್ವಭಾಗದಲ್ಲಿ 50 ಹರ್ಟ್ಜ್, ಪಶ್ಚಿಮಭಾಗದಲ್ಲಿ 60 ಹರ್ಟ್ಜ್.

ಕಾಯಿಸುವ ಉಪಕರಣಗಳಲ್ಲಿ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಭಾರತದ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಗೆ ಅಮೆರಿಕದ ಪ್ಲಗ್ ಜೋಡಿಸಿದರೆ ಅದು ಅಲ್ಲಿ ಸುಮಾರು 270 ವ್ಯಾಟ್‌ನಷ್ಟೇ ಶಾಖ ಕೊಟ್ಟು ಉಗುರುಬೆಚ್ಚಗಾಗುತ್ತದೆ. ಅಪಾಯವಿರುವುದು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ. ಅಮೆರಿಕದ 120 ವೋಲ್ಟ್, 1000 ವ್ಯಾಟ್‌ನ ಉಪಕರಣವನ್ನು ಭಾರತದ 230 ವೋಲ್ಟ್‌ಗೆ ಸೇರಿಸಿದರೆ ಅದು ಸುಮಾರು 3670 ವ್ಯಾಟ್ ಎಳೆಯಲು ಹೊರಟು ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಇಂಥಲ್ಲಿ ಪ್ಲಗ್ ಬದಲಾಯಿಸುವುದೇ ತಪ್ಪು, ಏಕೆಂದರೆ ಮೂಲ ಪ್ಲಗ್ ಭಾರತದ ಸಾಕೆಟ್‌ಗೆ ಹೊಂದದಿರುವುದೇ ಆ ಉಪಕರಣಕ್ಕಿದ್ದ ರಕ್ಷಣೆ. ಅಗತ್ಯವಿದ್ದರೆ ತಕ್ಕ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬಳಸಬೇಕು. ಭಾರವೂ ದುಬಾರಿಯೂ ಆದ ಅದನ್ನು ಕೊಳ್ಳುವುದಕ್ಕಿಂತ ಉಪಕರಣವನ್ನೇ ಅಲ್ಲಿ ಬಿಟ್ಟುಬರುವುದು ಅನೇಕವೇಳೆ ಲೇಸು. ಅಮೆರಿಕದಲ್ಲಿ ಬಳಸಲೆಂದೇ 110 ವೋಲ್ಟ್‌ಗೆ ತಯಾರಿಸಿದ ಭಾರತೀಯ ಮಿಕ್ಸಿಗಳೂ ಮಾರುಕಟ್ಟೆಯಲ್ಲಿವೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಾಯಿಸುತ್ತದೆಯೇ ಹೊರತು ಆವೃತ್ತಿಯನ್ನಲ್ಲ. ಮಿಕ್ಸಿಯ ಮೋಟಾರಿಗೆ ಆವೃತ್ತಿಯ ವ್ಯತ್ಯಾಸ ಅಷ್ಟಾಗಿ ಬಾಧಿಸುವುದಿಲ್ಲ. ವೆಟ್ ಗ್ರೈಂಡರಿನ ಇಂಡಕ್ಷನ್ ಮೋಟಾರು ಮಾತ್ರ 60 ಹರ್ಟ್ಜ್‌ನಲ್ಲಿ ಐದನೆಯ ಒಂದು ಭಾಗದಷ್ಟು ಹೆಚ್ಚು ವೇಗವಾಗಿ ತಿರುಗುತ್ತದೆ. ಸೌದಿ ಅರೇಬಿಯದಲ್ಲಿ ಜಿ ಮಾದರಿಯ ಸಾಕೆಟ್ ಬಳಕೆಯಲ್ಲಿದ್ದರೂ ಆವೃತ್ತಿ 60 ಹರ್ಟ್ಜ್. ಸಾಕೆಟ್ಟಿನ ಆಕಾರವನ್ನು ನೋಡಿ ವಿದ್ಯುತ್ತಿನ ಗುಣವನ್ನು ಊಹಿಸಲಾಗದೆಂಬುದಕ್ಕೆ ಇದೊಂದು ನಿದರ್ಶನ. ಉಪಕರಣದ ತಳದಲ್ಲೋ ಬೆನ್ನಿನಲ್ಲೋ ಅಂಟಿಸಿರುವ ಫಲಕವೇ ಪ್ರಮಾಣ. ಅದರಲ್ಲಿ '100–240 ವೋಲ್ಟ್, 50/60 ಹರ್ಟ್ಜ್' ಎಂದಿದ್ದರೆ ಅದು ಎಲ್ಲೆಡೆ ನಡೆಯುತ್ತದೆ. ಮೊಬೈಲ್ ಮತ್ತು ಲ್ಯಾಪ್‌ಟಾಪ್ ಚಾರ್ಜರ್‌ಗಳು ಬಹುತೇಕ ಈ ವರ್ಗದವು.

ತಂತಿಗಳ ಬಣ್ಣ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕದಲ್ಲಿ ಸಜೀವ ತಂತಿ (ಫೇಸ್) ಕೆಂಪು, ತಟಸ್ಥ ತಂತಿ (ನ್ಯೂಟ್ರಲ್) ಕಪ್ಪು, ಭೂಸಂಪರ್ಕ ತಂತಿ (ಅರ್ತ್) ಹಸಿರು ಎಂದಿದೆ. ಹಳೆಯ ಬ್ರಿಟಿಷ್ ಪದ್ಧತಿಯೂ ಇದೇ. ಆದರೆ ಈಗಿನ ಉಪಕರಣದ ತಂತಿಯನ್ನು ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಕಾಣುವುದು ಅಂತರರಾಷ್ಟ್ರೀಯ ಬಣ್ಣಗಳು: ಕಂದು ಸಜೀವ, ನೀಲಿ ತಟಸ್ಥ, ಹಸಿರು-ಹಳದಿ ಪಟ್ಟೆಯದು ಭೂಸಂಪರ್ಕ. ಅಮೆರಿಕದಲ್ಲಿ ಕಪ್ಪು ಸಜೀವ, ಬಿಳಿ ತಟಸ್ಥ, ಹಸಿರು ಭೂಸಂಪರ್ಕ. ಅಂದರೆ ಭಾರತದ ಹಳೆಯ ಪದ್ಧತಿಯಲ್ಲಿ ತಟಸ್ಥವಾದ ಕಪ್ಪು ತಂತಿಯೇ ಅಮೆರಿಕದಲ್ಲಿ ಸಜೀವ ತಂತಿ. ಹಳೆಯ ಉಪಕರಣದ ತಂತಿಯ ಬಣ್ಣ ನೆನಪಿನಂತಿದೆ ಎಂದು ನಂಬಿ ಕೈಹಾಕಬಾರದು; ಸಂಶಯವಿದ್ದರೆ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು.

ಸಜೀವ ಮತ್ತು ತಟಸ್ಥ ತಂತಿಗಳು ಅದಲುಬದಲಾದರೂ ಉಪಕರಣ ನಡೆಯುತ್ತದೆ. ಆದರೆ ಸ್ವಿಚ್ ಮತ್ತು ಫ್ಯೂಸ್‌ಗಳು ಆಗ ತಟಸ್ಥ ತಂತಿಯನ್ನು ಕಡಿಯುತ್ತವೆ. ಸ್ವಿಚ್ ಆರಿಸಿದ ದೀಪದ ಬಲ್ಬನ್ನು ಬದಲಾಯಿಸಹೋದವರಿಗೆ ವಿದ್ಯುದಾಘಾತವಾಗುವುದು ಹೀಗೆ. ಜರ್ಮನಿಯ ಎಫ್ ಮಾದರಿಯ ಪ್ಲಗ್ಗನ್ನು ಹೇಗೆ ತಿರುಗಿಸಿಯಾದರೂ ಹಾಕಬಹುದು, ಆದ್ದರಿಂದ ಅಲ್ಲಿ ಈ ಕ್ರಮಕ್ಕೆ ಖಾತರಿಯೇ ಇಲ್ಲ.

ಭೂಸಂಪರ್ಕ

ಲೋಹದ ಹೊರಮೈಯುಳ್ಳ ಉಪಕರಣದಲ್ಲಿ ಒಳಗಿನ ಸಜೀವ ತಂತಿ ಸವೆದು ಮೈಗೆ ತಾಗಿದರೆ, ಭೂಸಂಪರ್ಕ ತಂತಿಯ ಮೂಲಕ ಭಾರಿ ಪ್ರವಾಹ ಹರಿದು ಫ್ಯೂಸ್ ಹಾರುತ್ತದೆ ಅಥವಾ ರಕ್ಷಕ ಸ್ವಿಚ್ ಬೀಳುತ್ತದೆ. ಆ ತಂತಿ ಇಲ್ಲದಿದ್ದಲ್ಲಿ ಏನೂ ಆಗದಂತೆ ತೋರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದವರ ದೇಹವೇ ಭೂಮಿಗೆ ದಾರಿಯಾಗುತ್ತದೆ. ಮೂರು ಎಳೆಗಳ ತಂತಿಗೆ ಟೂ ಪಿನ್ ಪ್ಲಗ್ ಜೋಡಿಸಿ ಹಸಿರು ಎಳೆಯನ್ನು ಕತ್ತರಿಸಿ ಬಿಡುವುದು, ಮೂರನೆಯ ಪಿನ್ನನ್ನು ಮುರಿದುಹಾಕುವುದು, ಮೇಲಿನ ರಂಧ್ರಕ್ಕೆ ಪೆನ್ನು ತೂರಿಸಿ ಮುಚ್ಚಳ ಸರಿಸಿ ಯೂರೋಪಿನ ಪ್ಲಗ್ಗನ್ನು ಒತ್ತಿ ಕೂರಿಸುವುದು ಇವೆಲ್ಲ ಮನೆಮನೆಗಳಲ್ಲಿ ಕಾಣಸಿಗುವ ಅಭ್ಯಾಸಗಳು. ಜರ್ಮನ್ ಪ್ಲಗ್ಗಿನ ಭೂಸಂಪರ್ಕ ಅದರ ಪಕ್ಕದ ಲೋಹದ ಪಟ್ಟಿಗಳಲ್ಲಿರುವುದರಿಂದ, ಭಾರತದ ಸಾಕೆಟ್‌ನಲ್ಲಿ ಅದು ಕೂತರೂ ಭೂಸಂಪರ್ಕ ದೊರೆಯುವುದಿಲ್ಲ.

ಎಲ್ಲ ಉಪಕರಣಗಳಿಗೂ ಭೂಸಂಪರ್ಕ ಬೇಕಿಲ್ಲ. ಫಲಕದ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಇಮ್ಮಡಿ ನಿರೋಧಕದ ಉಪಕರಣ. ಅದರ ತಂತಿಯಲ್ಲಿ ಎರಡೇ ಎಳೆಗಳಿರುತ್ತವೆ. ತ್ರೀ ಪಿನ್ ಪ್ಲಗ್ ಹಾಕುವಾಗ ಭೂಸಂಪರ್ಕದ ತಿರುಪನ್ನು ಖಾಲಿ ಬಿಡುವುದೇ ಅಲ್ಲಿ ಸರಿಯಾದ ಕ್ರಮ.

ಜೋಡಿಸುವ ವಿಧಾನ

ಉಪಕರಣವನ್ನು ಸಾಕೆಟ್‌ನಿಂದ ಕಳಚಿದ ಮೇಲೆಯೇ ಕೆಲಸ ಆರಂಭಿಸಬೇಕು. ಅಚ್ಚಿನಲ್ಲಿ ಎರಕವಾದ ಪ್ಲಗ್ಗನ್ನು ಬಿಚ್ಚಲಾಗದ ಕಾರಣ ತಂತಿಯನ್ನು ಅದರ ಬುಡದಲ್ಲಿ ಕತ್ತರಿಸುವುದು ಅನಿವಾರ್ಯ. ಹೊರಹೊದಿಕೆಯನ್ನು ಸುಲಿಯುವಾಗ ಒಳಗಿನ ಎಳೆಗಳ ಹೊದಿಕೆಗೆ ಗಾಯವಾಗಬಾರದು. ಆದರೆ ಅಷ್ಟು ಭಾಗವನ್ನು ಕತ್ತರಿಸಿ ಮತ್ತೆ ಮೊದಲಿನಿಂದ ಮಾಡಬೇಕು. ಭೂಸಂಪರ್ಕದ ಎಳೆಯನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡುವುದು ವಾಡಿಕೆ. ಯಾರಾದರೂ ತಂತಿಯನ್ನು ಜಗ್ಗಿದರೆ ಕೊನೆಗೆ ಕಳಚುವುದು ಅದೇ ಆಗಿರಬೇಕು.

ಬರಿದಾದ ತಾಮ್ರದ ನೂಲುಗಳನ್ನು ಒಟ್ಟಿಗೆ ಹೊಸೆದು ತಿರುಪಿನ ಕೆಳಗೆ ಬಿಗಿಯಬೇಕು; ಒಂದು ನೂಲೂ ಹೊರಚಾಚಿರಬಾರದು. ಗಟ್ಟಿಯಾಗಲೆಂದು ತುದಿಗೆ ಬೆಸುಗೆ ಸವರುವವರಿದ್ದಾರೆ. ಬೆಸುಗೆಯ ಲೋಹ ತಿರುಪಿನ ಒತ್ತಡಕ್ಕೆ ನಿಧಾನವಾಗಿ ತಗ್ಗಿ ಜೋಡಣೆ ಸಡಿಲಗೊಳ್ಳುವುದರಿಂದ ಅದು ಸಲ್ಲದು. ಬ್ರಿಟಿಷ್ ಪ್ಲಗ್ಗನ್ನು ತೆರೆದು ಭೂಸಂಪರ್ಕದ ಪಿನ್ ಮೇಲಿರುವಂತೆ, ಪಿನ್ನುಗಳು ಆಚೆ ಮುಖವಾಗಿರುವಂತೆ ಹಿಡಿದರೆ ಬಲಗಡೆ ಫ್ಯೂಸ್ ಇರುವ ಕಡೆಗೆ ಕಂದು, ಎಡಗಡೆಗೆ ನೀಲಿ. ಭಾರತದ ಪ್ಲಗ್ಗಿನಲ್ಲೂ ಎಡಬಲ ಹೀಗೆಯೇ. ತಿರುಪುಗಳ ಬಳಿ ಎಲ್, ಎನ್, ಇ ಎಂಬ ಅಕ್ಷರಗಳೂ ಇರುತ್ತವೆ.

ಬಾಯಿಯ ಬಳಿಯ ಹಿಡಿಕೆ ಹೊರಹೊದಿಕೆಯನ್ನು ಕಚ್ಚಿ ಹಿಡಿಯಬೇಕು. ಅದು ಬರಿಯ ಎಳೆಗಳನ್ನು ಹಿಡಿದಿದ್ದರೆ ಪ್ರತಿ ಸಾರಿ ಜಗ್ಗಿದಾಗಲೂ ಭಾರವೆಲ್ಲ ತಿರುಪುಗಳ ಮೇಲೆ ಬೀಳುತ್ತದೆ. ಕೊನೆಯಲ್ಲಿ ಮಲ್ಟಿಮೀಟರಿನ ಒಂದು ತುದಿಯನ್ನು ಭೂಸಂಪರ್ಕದ ಪಿನ್ನಿಗೂ ಇನ್ನೊಂದನ್ನು ಉಪಕರಣದ ಬಣ್ಣವಿಲ್ಲದ ಲೋಹಭಾಗಕ್ಕೂ ಮುಟ್ಟಿಸಿ ಸಂಪರ್ಕವಿದೆಯೇ ಎಂದು ನೋಡಬೇಕು. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷವೂ ಹಿಡಿಯದು. ಕೆಲವು ದೇಶಗಳಲ್ಲಿ ಇಂಥ ಕೆಲಸಕ್ಕೂ ಪರವಾನಗಿ ಪಡೆದ ಎಲೆಕ್ಟ್ರೀಷಿಯನ್ ಬೇಕಾಗಬಹುದು; ಸ್ಥಳೀಯ ನಿಯಮವನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಬದಲಾವಣೆ ಬೇಡದ ಸಂದರ್ಭಗಳು

ಕಂಪ್ಯೂಟರ್, ಪ್ರಿಂಟರ್ ಮೊದಲಾದವುಗಳ ತಂತಿ ಉಪಕರಣದ ಕಡೆಯಿಂದಲೂ ಕಳಚಿಕೊಳ್ಳುತ್ತದೆ. ಆ ಕಡೆಯ ಜೋಡಣೆ ಜಗತ್ತಿನಾದ್ಯಂತ ಒಂದೇ ಆಗಿರುವುದರಿಂದ ಸ್ಥಳೀಯ ಪ್ಲಗ್ ಇರುವ ಹೊಸ ತಂತಿಯನ್ನು ಕೊಂಡರೆ ಸಾಕು, ಏನನ್ನೂ ಕತ್ತರಿಸಬೇಕಾಗಿಲ್ಲ. ಆದರೆ ಅಮೆರಿಕದಲ್ಲಿ ಸಿಕ್ಕ 125 ವೋಲ್ಟ್ ಎಂಬ ಗುರುತಿನ ತಂತಿಯನ್ನು 230 ವೋಲ್ಟ್‌ಗೆ ಬಳಸಬಾರದು. ಕೆಲವೇ ದಿನಗಳ ಪ್ರವಾಸಕ್ಕೆ ಅಡಾಪ್ಟರ್ ಸಾಕು. ವರ್ಷಗಟ್ಟಲೆ ಅಡಿಗೆಮನೆಯಲ್ಲಿ ಮಿಕ್ಸಿಗೆ ಅದನ್ನೇ ನೆಚ್ಚುವುದು ಸರಿಯಲ್ಲ, ಏಕೆಂದರೆ ಅಗ್ಗದ ಅಡಾಪ್ಟರ್‌ಗಳಲ್ಲಿ ಭೂಸಂಪರ್ಕವೇ ಇರುವುದಿಲ್ಲ, ಸಡಿಲವಾದ ಸಂಪರ್ಕ ಕಿಡಿಕಾರುತ್ತದೆ. ಖಾತರಿ ಅವಧಿಯಲ್ಲಿರುವ ಉಪಕರಣದ ಪ್ಲಗ್ ಕತ್ತರಿಸಿದರೆ ಖಾತರಿ ರದ್ದಾಗುವ ಸಾಧ್ಯತೆಯಿದೆ.

ಕತ್ತರಿಸಿದ ಪ್ಲಗ್ಗಿನ ವಿಲೇವಾರಿ

ಬ್ರಿಟನ್ನಿನಲ್ಲಿ 1994ರ ನಿಯಮಾವಳಿ ಬರುವವರೆಗೂ ಅನೇಕ ಉಪಕರಣಗಳು ಪ್ಲಗ್ ಇಲ್ಲದೆಯೇ ಮಾರಾಟವಾಗುತ್ತಿದ್ದವು. ಕೊಂಡವರೇ ಪ್ಲಗ್ ಜೋಡಿಸಿಕೊಳ್ಳುತ್ತಿದ್ದರು. ಈಗ ಎರಕದ ಪ್ಲಗ್‌ಗಳು ಸಾಮಾನ್ಯವಾಗಿರುವುದರಿಂದ, ದೇಶ ಬದಲಿಸಿದ ಮನೆಯಲ್ಲಿ ಕತ್ತರಿಸಿ ತೆಗೆದ ಪ್ಲಗ್‌ಗಳು ಉಳಿಯುತ್ತವೆ. ಮೋಟುತಂತಿಯ ಸಮೇತ ಬಿದ್ದಿರುವ ಇಂಥ ಪ್ಲಗ್ಗನ್ನು ಮಗು ಎತ್ತಿಕೊಂಡು ಹೊಂದುವ ಸಾಕೆಟ್‌ಗೆ ಸಿಕ್ಕಿಸಿದರೆ, ಅದರ ಕೈಯಲ್ಲಿರುವ ಬರಿದಾದ ತಂತಿಯ ತುದಿಗಳಿಗೆ ನೇರವಾಗಿ 230 ವೋಲ್ಟ್ ಹರಿಯುತ್ತದೆ. ಊರು ಬಿಡುವ ಮುನ್ನ, ಹಳೆಯ ಸಾಕೆಟ್‌ಗಳಿರುವ ಮನೆಯಲ್ಲೇ ಪ್ಲಗ್ ಕತ್ತರಿಸುವವರಿಗೆ ಈ ಅಪಾಯ ಹೆಚ್ಚು. ಆದಕಾರಣ ಕತ್ತರಿಸಿದ ಕೂಡಲೇ ಅದರ ಪಿನ್ನುಗಳನ್ನು ಇಕ್ಕಳದಿಂದ ಬಗ್ಗಿಸಿ, ಫ್ಯೂಸ್ ಇದ್ದರೆ ಹೊರತೆಗೆದು, ಮಕ್ಕಳ ಕೈಗೆಟುಕದಂತೆ ಕಸಕ್ಕೆ ಹಾಕಬೇಕು.