ಔಷಧಿ ಲೋಟದೊಳಗಿನ ಕೋತಿ

ಮೊಮ್ಮಕ್ಕಳಿಗೆ ಗೊತ್ತಿಲ್ಲದಿದ್ದರೂ ಅಜ್ಜ ಅಜ್ಜಿಯರಿಗೆ ಈ ಕಥೆ ಗೊತ್ತೇ ಇರುತ್ತದೆ. ವೈದ್ಯರು ರೋಗಿಯ ಕೈಗೆ ಔಷಧಿ ಕೊಟ್ಟು, ‘ಇದನ್ನು ಕುಡಿಯುವಾಗ ಮಾತ್ರ ಕೋತಿಯನ್ನು ನೆನೆಯಬೇಡಪ್ಪಾ, ನೆನೆದರೆ ಗುಣವಾಗುವುದಿಲ್ಲ’ ಎಂದರಂತೆ. ಅದುವರೆಗೆ ವರ್ಷಕ್ಕೊಮ್ಮೆಯೂ ಕೋತಿಯ ಯೋಚನೆ ಮಾಡದಿದ್ದ ಆಸಾಮಿಗೆ ಲೋಟ ಎತ್ತಿದಾಗಲೆಲ್ಲ ಕೋತಿಯೇ ಎದುರಿಗೆ! ಔಷಧಿ ಹಾಗೇ ಉಳಿಯಿತು.

ಇದನ್ನೇ ಪ್ರಯೋಗ ಮಾಡಿ ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್. ಅವರದು ಕೋತಿಯಲ್ಲ, ಬಿಳಿ ಕರಡಿ. ಟೆಕ್ಸಾಸ್ ರಾಜ್ಯದ ಟ್ರಿನಿಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಐದು ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು, ಆದರೆ ಬಿಳಿ ಕರಡಿಯನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದರು. ಗಂಟೆ ನಿಮಿಷಕ್ಕೊಮ್ಮೆಗಿಂತ ಹೆಚ್ಚು ಬಾರಿಸಿತು. ಆಮೇಲೆ ಅವರಿಗೇ ‘ಈಗ ಬೇಕಾದರೆ ಕರಡಿಯನ್ನು ನೆನೆಯಿರಿ’ ಎಂದಾಗ, ಮೊದಲಿನಿಂದಲೇ ನೆನೆಯಲು ಒಪ್ಪಿಗೆ ಪಡೆದವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಈ ಪ್ರಯೋಗ ಪ್ರಕಟವಾದದ್ದು 1987ರಲ್ಲಿ. ಮಕ್ಕಳೇ, ಇದಕ್ಕೆ ಪ್ರಯೋಗಾಲಯ ಬೇಡ. ಊಟಕ್ಕೆ ಕೂತಾಗ ಮನೆಯವರೆಲ್ಲ ಸೇರಿ ಮಾಡಿ ನೋಡಿ, ಗಂಟೆಯ ಬದಲು ಚಮಚ ಸಾಕು.

ಹೀಗೇಕಾಗುತ್ತದೆ? ವೆಗ್ನರ್ ಹೇಳಿದ ಕಾರಣ ಸರಳವಾಗಿದೆ. ಕರಡಿ ಬೇಡವೆಂದಾಗ ಮನಸ್ಸಿನ ಒಂದು ಭಾಗ ಬೇರೆ ಯೋಚನೆ ಹುಡುಕಲು ಹೊರಡುತ್ತದೆ. ಇನ್ನೊಂದು ಭಾಗ ಬಾಗಿಲಲ್ಲಿ ಕಾವಲು ನಿಂತು ಕರಡಿ ಬಂತೇ ಎಂದು ನೋಡುತ್ತಿರುತ್ತದೆ. ಕಳ್ಳನನ್ನು ಹಿಡಿಯಬೇಕಾದ ಕಾವಲುಗಾರನ ಕೈಯಲ್ಲಿ ಕಳ್ಳನ ಫೋಟೋ ಇರಲೇಬೇಕಲ್ಲ! ಹಾಗಾಗಿ ಕಾವಲು ಬಿಗಿಯಾದಷ್ಟೂ ಕರಡಿಯ ಮುಖವೇ ಕಣ್ಣ ಮುಂದೆ.

ಕರಡಿಯಾದರೆ ನಕ್ಕು ಸುಮ್ಮನಾಗಬಹುದು. ಆದರೆ ಬರುವ ಯೋಚನೆ ಕೆಟ್ಟದ್ದಾಗಿದ್ದರೆ? ದೇವರ ಮುಂದೆ ಕೈಮುಗಿದು ನಿಂತಾಗಲೇ ಒಂದು ಹೊಲಸು ಬೈಗುಳ ಮನಸ್ಸಿಗೆ ಬರುತ್ತದೆ. ಮೊಮ್ಮಗುವನ್ನು ಎತ್ತಿಕೊಂಡು ಮಹಡಿಯಲ್ಲಿ ನಿಂತ ಅಜ್ಜಿಗೆ ‘ಕೈಬಿಟ್ಟುಬಿಟ್ಟರೆ?’ ಎಂದು ಹೊಳೆಯುತ್ತದೆ. ಪುಸ್ತಕ ಹಿಡಿದ ಹುಡುಗನಿಗೆ ‘ಅಪ್ಪ ಸತ್ತುಹೋದರೆ?’ ಎನ್ನಿಸುತ್ತದೆ. ಕರೆಯದೆ ಬಂದ ಯೋಚನೆಗಳು ಇವು. ಬಂದವರು ಹೌಹಾರುತ್ತಾರೆ, ನಾನೆಂಥ ಪಾಪಿ ಎಂದು ಕೊರಗುತ್ತಾರೆ, ಯಾರಿಗೂ ಹೇಳುವುದಿಲ್ಲ.

ಹೇಳದಿರುವುದರಿಂದಲೇ, ಇದು ತನಗೊಬ್ಬನಿಗೇ ಎಂದು ಪ್ರತಿಯೊಬ್ಬನೂ ತಿಳಿದಿರುತ್ತಾನೆ. ಸ್ಟಾನ್ಲಿ ರ‍್ಯಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಎಂಬ ಇಬ್ಬರು ಲಂಡನ್ನಿನಲ್ಲಿದ್ದಾಗ ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನೇ ಈ ಬಗ್ಗೆ ಕೇಳಿದರು. ನೂರಕ್ಕೆ ಸುಮಾರು 80 ಜನ ‘ನನಗೂ ಬರುತ್ತವೆ’ ಎಂದರು. ರೋಗಿಗಳ ಯೋಚನೆಗಳನ್ನೂ ಆರೋಗ್ಯವಂತರ ಯೋಚನೆಗಳನ್ನೂ ಬೆರೆಸಿ, ಯಾವುದು ಯಾರದೆಂದು ತಿಳಿದವರ ಮುಂದಿಟ್ಟರೆ ಅವರಿಗೂ ಸರಿಯಾಗಿ ಬೇರ್ಪಡಿಸಲು ಆಗಲಿಲ್ಲ. ಇದು 1978ರ ಮಾತು. 2014ರಲ್ಲಿ ಕೆನಡಾದ ಆಡಮ್ ರಾಡೊಮ್‌ಸ್ಕಿ ಮತ್ತು ಸಂಗಡಿಗರು 13 ದೇಶಗಳ 777 ವಿದ್ಯಾರ್ಥಿಗಳ ಅಧ್ಯಯನ ಪ್ರಕಟಿಸಿದರು. ಹಿಂದಿನ ಮೂರು ತಿಂಗಳಲ್ಲಿ ಒಂದಾದರೂ ಇಂಥ ಬೇಡದ ಯೋಚನೆ ಬಂದಿತ್ತೆಂದವರು ನೂರಕ್ಕೆ 94 ಮಂದಿ!

ಹಾಗಾದರೆ ಕೆಲವರಿಗೆ ಮಾತ್ರ ಅದು ಅಂಟಿಕೊಳ್ಳುವುದೇಕೆ? ಯೋಚನೆಗೆ ನಾವು ಕೊಡುವ ಅರ್ಥವೇ ಮುಖ್ಯ ಎನ್ನುತ್ತಾರೆ ರ‍್ಯಾಕ್‌ಮನ್. ನಮ್ಮ ಮನೆಗಳಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. ಮಗು ಏನಾದರೂ ಅಶುಭ ನುಡಿದರೆ ‘ಬಿಡ್ತು ಅನ್ನು’ ಎನ್ನುತ್ತೇವೆ. ಮುಸ್ಸಂಜೆಯಲ್ಲಿ ಕೆಟ್ಟದ್ದು ಆಡಬೇಡ, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ‘ಅಸ್ತು’ ಎಂದುಬಿಟ್ಟರೆ ನಿಜವಾಗುತ್ತದೆ ಎನ್ನುತ್ತೇವೆ. ಒಳ್ಳೆಯ ಮಾತು ಕಲಿಸಲು ಹಿರಿಯರು ಮಾಡಿಕೊಂಡ ಉಪಾಯ, ತಪ್ಪೇನಿಲ್ಲ. ಹೆಚ್ಚಿನ ಮಕ್ಕಳು ಒಮ್ಮೆ ‘ಬಿಡ್ತು’ ಎಂದು ಆಟಕ್ಕೆ ಓಡುತ್ತಾರೆ. ಆದರೆ ಸೂಕ್ಷ್ಮ ಮನಸ್ಸಿನ ಒಂದು ಮಗು, ಮಾತಿಗೇ ಹೀಗಾದರೆ ಯೋಚನೆಗೂ ಹಾಗೇ ಎಂದುಕೊಂಡರೆ? ಯೋಚಿಸಿದ್ದು ನಡೆದೇಬಿಡುತ್ತದೆ, ಯೋಚಿಸುವುದೂ ಮಾಡಿದಷ್ಟೇ ಪಾಪ ಎಂದು ನಂಬಿದರೆ? ಆಗ ಅದು ಒಳಗೊಳಗೇ ನೂರು ಸಲ ‘ಬಿಡ್ತು’ ಹೇಳುತ್ತದೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ.

ರ‍್ಯಾಕ್‌ಮನ್, ರಾಜ್ ಶಾಫ್ರನ್ ಮುಂತಾದವರು 1996ರಲ್ಲಿ ಇದನ್ನೂ ಪರೀಕ್ಷೆಗೆ ಹಚ್ಚಿದರು. ಇಂಥ ನಂಬಿಕೆ ಬಲವಾಗಿದ್ದವರಿಂದ, ತಮಗೆ ಬೇಕಾದವರೊಬ್ಬರ ಹೆಸರು ಸೇರಿಸಿ ಅವರಿಗೆ ಕಾರು ಅಪಘಾತವಾಗಲೆಂದು ಒಂದು ವಾಕ್ಯ ಬರೆಸಿದರು. ಬರೆದವರಿಗೆ ಎದೆ ಡವಗುಟ್ಟಿತು. ಕಾಗದ ಹರಿಯಬೇಕು, ವಾಕ್ಯ ಹೊಡೆದುಹಾಕಬೇಕು ಎನ್ನಿಸಿತು. ಅರ್ಧ ಜನರಿಗೆ ಹಾಗೆ ಮಾಡಲು ಬಿಟ್ಟರು. ಉಳಿದರ್ಧಕ್ಕೆ ಏನೂ ಮಾಡದೆ ಸುಮ್ಮನೆ ಕಾಯಲು ಹೇಳಿದರು. ಸುಮ್ಮನೆ ಕೂತವರ ಆತಂಕವೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯಿತು. ನನಗೆ ಇಡೀ ವಿಷಯದಲ್ಲಿ ಬಹಳ ಹಿಡಿಸಿದ್ದು ಇದೇ.

ಬೇಡದ ಯೋಚನೆ ಪದೇ ಪದೇ ನುಗ್ಗುವುದು, ಅದನ್ನು ಶಮನ ಮಾಡಲು ತೊಳೆಯುವುದು, ಎಣಿಸುವುದು, ತಿರುಗಿ ತಿರುಗಿ ನೋಡುವುದು, ಇದಕ್ಕೇ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೋಗುವುದು, ಅಥವಾ ಓದು ಕೆಲಸ ಕೆಡುವುದು. ಇಷ್ಟಾದರೆ ಅದು ಗೀಳು ಕಾಯಿಲೆ. ಡಾಕ್ಟರು ಒಸಿಡಿ ಎನ್ನುತ್ತಾರೆ. ಮಡಿ ಪಾಲಿಸುವವರಿಗೆಲ್ಲ ಈ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಮಡಿಗೆ ಒಂದು ಕೊನೆ ಇದೆ. ಸ್ನಾನವಾಯಿತು, ಅಡುಗೆಯಾಯಿತು, ನೈವೇದ್ಯವಾಯಿತು, ಮುಗಿಯಿತು. ಗೀಳಿಗೆ ಮುಗಿಯಿತು ಎಂಬುದೇ ಇಲ್ಲ.

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹತ್ತು ಸಲ ಅಡುಗೆಮನೆಗೆ ಹೋಗುವವರಿದ್ದಾರಲ್ಲ, ಅವರಿಗಾಗಿಯೇ ಮಾಡಿದಂತಿರುವ ಪ್ರಯೋಗವೊಂದು ನೆದರ್ಲೆಂಡ್ಸ್‌ನಿಂದ 2003ರಲ್ಲಿ ಬಂತು. ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಕಂಪ್ಯೂಟರ್ ಪರದೆಯಲ್ಲಿ ಗ್ಯಾಸ್ ಒಲೆ ತೋರಿಸಿ, ಕೆಲವರಿಂದ ಅದನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಇನ್ನು ಕೆಲವರಿಂದ ಒಲೆಯ ಬದಲು ವಿದ್ಯುತ್ ದೀಪಗಳನ್ನು ಪರೀಕ್ಷೆ ಮಾಡಿಸಿದರು. ಕೊನೆಯ ಸಲ ಒಲೆಯ ಯಾವ ಗುಂಡಿ ಮುಟ್ಟಿದಿರಿ ಎಂದು ಕೇಳಿದರೆ ಎರಡೂ ಗುಂಪಿನವರ ಉತ್ತರ ಒಂದೇ ಮಟ್ಟಕ್ಕೆ ಸರಿಯಾಗಿತ್ತು. ಆದರೆ ಒಲೆಯನ್ನೇ ಪದೇ ಪದೇ ನೋಡಿದವರಿಗೆ ತಮ್ಮ ನೆನಪಿನ ಮೇಲೆ ನಂಬಿಕೆ ಹೋಗಿತ್ತು, ಚಿತ್ರ ಮಸುಕಾಗಿತ್ತು. ಅನುಮಾನ ಕಳೆಯಲೆಂದು ನೋಡಿದ್ದೇ ಅನುಮಾನ ಬೆಳೆಸಿತು! ಬ್ಯಾಂಕಿನ ಗುಮಾಸ್ತನಾಗಿದ್ದವನಿಗೆ ಇದು ಬೇಗ ಅರ್ಥವಾಗುತ್ತದೆ. ನೋಟಿನ ಕಟ್ಟನ್ನು ಎರಡು ಸಲ ಎಣಿಸುವುದು ಕರ್ತವ್ಯ. ತಾಳೆಯಾಯಿತೇ, ಪಕ್ಕಕ್ಕಿಡಬೇಕು. ಆರನೆಯ ಸಲ ಎಣಿಸಹೊರಟರೆ ಎಲ್ಲೋ ನಾಲಗೆ ತೊಡರಿ 97 ಬರುತ್ತದೆ, ಸಾಲು ಬಾಗಿಲವರೆಗೆ ಬೆಳೆಯುತ್ತದೆ.

ಅಜ್ಜ ಅಜ್ಜಿಯರು ಗಮನಿಸಬೇಕಾದ್ದು ಒಂದಿದೆ. ಮೊಮ್ಮಗಳು ‘ಏನೂ ಆಗಲ್ಲ ಅಲ್ವಾ ಅಜ್ಜಿ?’ ಎಂದು ಕೇಳಿದರೆ ಒಮ್ಮೆ ಸಮಾಧಾನ ಹೇಳುವುದು ಸಹಜ. ಅದೇ ಪ್ರಶ್ನೆ ದಿನಕ್ಕೆ ಇಪ್ಪತ್ತು ಸಲ ಬಂದು, ಇಪ್ಪತ್ತು ಸಲವೂ ಉತ್ತರ ಕೊಟ್ಟರೆ ನಮ್ಮ ಪ್ರೀತಿಯೇ ಗೀಳಿಗೆ ಗೊಬ್ಬರ. ಬೈಯುವುದಂತೂ ಕೂಡದು. ‘ಇಂಥ ಯೋಚನೆ ನನಗೂ ಬರುತ್ತಿತ್ತು’ ಎಂದು ಹಿರಿಯರೊಬ್ಬರು ಹೇಳಿದರೆ ಮಗುವಿನ ಎದೆಯ ಭಾರ ಎಷ್ಟೋ ಇಳಿಯುತ್ತದೆ. ಗುಟ್ಟು ಹೊರಬರುವುದೂ ಆಗಲೇ.

ಒಂದು ಕಾಲಕ್ಕೆ ಇದಕ್ಕೆ ಮದ್ದೇ ಇಲ್ಲ ಎನ್ನುತ್ತಿದ್ದರು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವಿಕ್ಟರ್ ಮೇಯರ್ ಎಂಬವರು ಇಬ್ಬರು ರೋಗಿಗಳನ್ನು ಅವರು ಹೆದರುತ್ತಿದ್ದುದರ ಎದುರಿಗೇ ಇರಿಸಿ, ತೊಳೆಯುವ, ಹೇಳಿದ್ದನ್ನೇ ಹೇಳುವ ಅಭ್ಯಾಸಗಳಿಗೆ ದಾದಿಯರ ನೆರವಿನಿಂದ ತಡೆ ಹಾಕಿದರು. ಇಬ್ಬರೂ ಸುಧಾರಿಸಿದರು. 1966ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಇಂದಿಗೂ ಇದೇ ದಾರಿಯ ಚಿಕಿತ್ಸೆ ನಡೆಯುತ್ತದೆ. ಈಗ ಮೆಟ್ಟಿಲು ಮೆಟ್ಟಿಲಾಗಿ, ರೋಗಿಯ ಒಪ್ಪಿಗೆಯಿಂದ ಮಾಡಿಸುತ್ತಾರೆ. ಜೊತೆಗೆ ಒಳ್ಳೆಯ ಮಾತ್ರೆಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿಯೇ.