ಗಣಕ ವಿಜ್ಞಾನದ ವ್ಯಾಸಂಗ ಮತ್ತು ಕಾಲೇಜಿನ ಆಯ್ಕೆ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಹಳ್ಳಿಗಳ ಪಾಲಕರು ಮೊದಲು ನೆನೆಯುವುದು ತಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಶಾಲೆಯ ಗುರುಗಳನ್ನು. ಮಗನಿಗೋ ಮಗಳಿಗೋ ಕಂಪ್ಯೂಟರ್ ಸೈನ್ಸ್ ಓದಿಸಬೇಕೆಂದಿದ್ದೇವೆ, ಯಾವ ಕಾಲೇಜು ಒಳ್ಳೆಯದು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚಿಕ್ಕದು, ಆದರೆ ಅದರ ಹಿಂದೆ ಎರಡೆಕರೆ ಹೊಲ, ಬ್ಯಾಂಕಿನ ಸಾಲ, ಕೆಲವೊಮ್ಮೆ ತಾಯಿಯ ಕೊರಳಿನ ಬಂಗಾರ ನಿಂತಿರುತ್ತದೆ. ಆದುದರಿಂದ ಉತ್ತರ ಹೇಳುವವರು ಕೇಳಿಬಂದ ಹೆಸರನ್ನಷ್ಟೇ ಹೇಳಿ ಕಳುಹಿಸುವುದು ಸಲ್ಲದು.

ಗಣಕ ವಿಜ್ಞಾನವೆಂದರೆ ಯಂತ್ರವನ್ನು ನಡೆಸುವ ಕಲೆಯಲ್ಲ. ಒಂದು ಸಮಸ್ಯೆಯನ್ನು ಬಿಡಿಸಿ, ಯಂತ್ರವು ತಪ್ಪದೆ ಅನುಸರಿಸಬಲ್ಲ ಹೆಜ್ಜೆಗಳಾಗಿ ಜೋಡಿಸುವ ಶಾಸ್ತ್ರವದು. ಗಣಿತ, ದತ್ತಾಂಶಗಳ ರಚನೆ, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಗಣಕಜಾಲ ಇವು ಅದರ ಬುನಾದಿ. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ, ಸೈಬರ್ ಸುರಕ್ಷತೆ ಮುಂತಾದ ಹೆಸರುಗಳಲ್ಲಿ ಪ್ರತ್ಯೇಕ ಶಾಖೆಗಳು ತಲೆಯೆತ್ತಿವೆ. ಪಠ್ಯಕ್ರಮವನ್ನು ತೆರೆದು ನೋಡಿದರೆ ಮೊದಲೆರಡು ವರ್ಷಗಳ ಬಹುಪಾಲು ವಿಷಯಗಳು ಎಲ್ಲ ಕಡೆಯೂ ಒಂದೇ. ಹೊಸ ಫಲಕವೊಂದಕ್ಕಾಗಿ ಲಕ್ಷಗಟ್ಟಲೆ ಹೆಚ್ಚು ಹಣ ತೆರುವುದು ನನ್ನ ದೃಷ್ಟಿಯಲ್ಲಿ ವಿವೇಕವಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಒಂದು ಶಾಖೆಗೆ ಇಂತಿಷ್ಟೇ ಸೀಟು ಎಂಬ ಮಿತಿಯನ್ನು 2024ರಲ್ಲಿ ತೆಗೆದ ಮೇಲೆ ಈ ಶಾಖೆಗಳ ಸೀಟುಗಳು ಬಹಳವಾಗಿ ಬೆಳೆದವು. ಸೀಟನ್ನು ಒಂದು ಆದೇಶದಿಂದ ಹೆಚ್ಚಿಸಬಹುದು. ನುರಿತ ಅಧ್ಯಾಪಕನು ಹಾಗೆ ಒಂದೇ ಬೇಸಿಗೆಯಲ್ಲಿ ಸಿದ್ಧನಾಗುವುದಿಲ್ಲ.

ಇಲ್ಲಿ ಕಾನಪುರದ ಉದಾಹರಣೆಯನ್ನು ನೆನೆಯಬೇಕು. ಅಲ್ಲಿಯ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಎಂಬ ಗಣಕಯಂತ್ರ ಬಂದಿತು. ಇಂದಿನ ಸಾಮಾನ್ಯ ಮೊಬೈಲ್ ಫೋನಿನ ಮುಂದೆ ಅದರ ಶಕ್ತಿ ಏನೇನೂ ಅಲ್ಲ. ಆದರೂ ವಿದ್ಯಾರ್ಥಿಗಳು ತಮ್ಮ ಪ್ರೋಗ್ರಾಮುಗಳನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಸಿದ್ಧಪಡಿಸಿ, ತಾವೇ ಅದರಲ್ಲಿ ನಡೆಸಿ, ತಪ್ಪನ್ನು ತಾವೇ ಹುಡುಕಿ ತಿದ್ದಿದರು. ಪ್ರೊ. ವಿ. ರಾಜಾರಾಮನ್ ಅವರಂತಹ ಅಧ್ಯಾಪಕರು ಅಲ್ಲಿ ಪಾಠ ಹೇಳಿದರು. ಅವರು ಬರೆದ ಅಗ್ಗದ ಪಠ್ಯಪುಸ್ತಕಗಳಿಂದ ದೇಶದ ಅಸಂಖ್ಯ ವಿದ್ಯಾರ್ಥಿಗಳು ಕಲಿತರು. ಅಂದಮೇಲೆ ಪ್ರಯೋಗಾಲಯದಲ್ಲಿ ಯಂತ್ರಗಳೆಷ್ಟಿವೆ ಎಂದು ಎಣಿಸುವುದಕ್ಕಿಂತ, ತರಗತಿ ಮುಗಿದ ಮೇಲೆ ಅದರ ಬಾಗಿಲು ತೆರೆದಿರುವುದೇ, ಹುಡುಗರು ಅಲ್ಲಿ ಕುಳಿತು ಏನಾದರೂ ಬರೆಯುತ್ತಿರುವರೇ ಎಂದು ನೋಡುವುದು ಮೇಲು.

ಹಾಗಾಗಿ ಪಾಲಕರು ಕಾಲೇಜನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಭವ್ಯವಾದ ದ್ವಾರವನ್ನು ದಾಟಿ ವಿಭಾಗಕ್ಕೆ ಹೋಗಬೇಕು. ಅಧ್ಯಾಪಕರು ಎಷ್ಟು ವರ್ಷಗಳಿಂದ ಅಲ್ಲಿದ್ದಾರೆ, ಪ್ರತಿವರ್ಷ ಬದಲಾಗುತ್ತಿರುವರೇ, ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬರೆಂಬ ಪರಿಷತ್ತಿನ ನಿಯಮ ಕಾಗದದ ಮೇಲಷ್ಟೇ ಇದೆಯೇ ಎಂಬುದನ್ನು ಮೂರನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ ತಿಳಿಯುತ್ತದೆ. ಮಾನ್ಯತೆಯ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ: ನ್ಯಾಕ್ ಮನ್ನಣೆ ಇಡೀ ಸಂಸ್ಥೆಗೆ ಸಂಬಂಧಿಸಿದ್ದು, ಎನ್.ಬಿ.ಎ. ಮನ್ನಣೆ ಒಂದೊಂದು ಶಾಖೆಗೆ ಬೇರೆ ಬೇರೆ. ಸಿವಿಲ್ ಶಾಖೆಗೆ ದೊರೆತ ಮನ್ನಣೆಯಿಂದ ಗಣಕ ವಿಭಾಗಕ್ಕೆ ಏನೂ ಬಾರದು. ಇನ್ನು ಉದ್ಯೋಗದ ಜಾಹೀರಾತು. ಒಬ್ಬನಿಗೆ ದೊರೆತ ಅತ್ಯಧಿಕ ಸಂಬಳವನ್ನು ದೊಡ್ಡಕ್ಷರಗಳಲ್ಲಿ ಬರೆಸಿರುತ್ತಾರೆ. ಕೇಳಬೇಕಾದದ್ದು, ಸಾಲಿನ ನಟ್ಟನಡುವೆ ನಿಂತ ವಿದ್ಯಾರ್ಥಿಗೆ ಎಷ್ಟು ದೊರೆಯಿತು, ಎಷ್ಟು ಮಂದಿಗೆ ಏನೂ ದೊರೆಯಲಿಲ್ಲ ಎಂಬುದು.

ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಪಡೆಯುವವರು ಕಾಲೇಜುಗಳ ಆದ್ಯತಾ ಪಟ್ಟಿಯನ್ನು ತುಂಬುವಾಗ ಅನಾವಶ್ಯಕವಾಗಿ ಅಂಜುತ್ತಾರೆ. ತಮ್ಮ ರ‍್ಯಾಂಕಿಗೆ ಸಿಗಲಾರದೆಂದು ಒಳ್ಳೆಯ ಕಾಲೇಜನ್ನು ಬಿಟ್ಟು, ಸಿಗಬಹುದಾದುದನ್ನೇ ಮೊದಲು ಬರೆಯುತ್ತಾರೆ. ಹಂಚಿಕೆ ನಡೆಯುವುದು ರ‍್ಯಾಂಕಿನ ಕ್ರಮದಲ್ಲಿ. ವಿದ್ಯಾರ್ಥಿಯ ಸರದಿ ಬಂದಾಗ ಅವನ ಪಟ್ಟಿಯನ್ನು ಮೇಲಿನಿಂದ ನೋಡುತ್ತ, ಖಾಲಿ ಇರುವ ಮೊದಲನೆಯದನ್ನು ಕೊಡಲಾಗುತ್ತದೆ. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ಧಕ್ಕೆಯಿಲ್ಲ. ಆದ್ದರಿಂದ ಮನಸ್ಸಿನಲ್ಲಿರುವ ಕ್ರಮವೇ ಪಟ್ಟಿಯ ಕ್ರಮವಾಗಿರಬೇಕು. ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಉಂಟು. ಇದಕ್ಕೆ ಆಧಾರ ಶಾಲೆಯ ದಾಖಲೆಯೇ. ದಾಖಲಾತಿ ಪುಸ್ತಕದಲ್ಲಿ ಹೆಸರಿನ ಒಂದಕ್ಷರ ವ್ಯತ್ಯಾಸವಾದರೂ ಮಗು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದರಿಂದ, ಶಾಲೆಯ ಕಾರ್ಯಾಲಯದವರು ಹತ್ತನೆಯ ತರಗತಿಯಲ್ಲಿಯೇ ಇದನ್ನು ಸರಿಪಡಿಸಿಡುವುದು ಉಚಿತ.

ಬಯಸಿದ ಶಾಖೆ ದೊರೆಯಲಿಲ್ಲವೆಂದು ಆಡಳಿತ ಮಂಡಳಿಯ ಸೀಟಿಗಾಗಿ ಹೊಲ ಮಾರುವ ಮುನ್ನ ಬೇರೆ ದಾರಿಗಳನ್ನೂ ನೋಡಬೇಕು. ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ಶಾಖೆ, ಸಾಧಾರಣ ಕಾಲೇಜಿನ ಗಣಕ ಶಾಖೆಗಿಂತ ಎಷ್ಟೋ ವಾಸಿ. ಬಿ.ಸಿ.ಎ. ಅಥವಾ ಬಿ.ಎಸ್‌ಸಿ. ಮುಗಿಸಿ ಎಂ.ಸಿ.ಎ. ಓದುವ ಮಾರ್ಗ ಕಡಿಮೆ ಖರ್ಚಿನದು. ಮದ್ರಾಸಿನ ಐ.ಐ.ಟಿ. 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಯನ್ನು ಮನೆಯಲ್ಲಿದ್ದೇ ಅಂತರ್ಜಾಲದ ಮೂಲಕ ಓದಬಹುದು, ಅದಕ್ಕೆ ಜೆ.ಇ.ಇ. ಪರೀಕ್ಷೆಯ ಅಗತ್ಯವಿಲ್ಲ. ಎನ್.ಪಿ.ಟಿ.ಇ.ಎಲ್. ಯೋಜನೆಯ ಮೂಲಕ ಐ.ಐ.ಟಿ. ಪ್ರಾಧ್ಯಾಪಕರ ಉಪನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಬಹುಪಾಲು ಇಂಗ್ಲಿಷಿನಲ್ಲಿರುವುದೇ ನಮ್ಮ ಮಕ್ಕಳಿಗೆ ತೊಡಕು. ಅದು ಮೊದಲ ವರ್ಷದ ತೊಡಕೇ ಹೊರತು ಬುದ್ಧಿಯ ಕೊರತೆಯಲ್ಲವೆಂದು ಅವರಿಗೆ ಯಾರಾದರೂ ಹೇಳುತ್ತಿರಬೇಕು.

ಕಾನಪುರಕ್ಕೆ ಆ ಯಂತ್ರ ಬಂದ 1963ರಲ್ಲಿಯೇ ತುಮಕೂರಿನಲ್ಲಿ ಸಿದ್ಧಗಂಗಾ ಮಠದ ತಾಂತ್ರಿಕ ಕಾಲೇಜೂ, ಮೈಸೂರಿನಲ್ಲಿ ಸುತ್ತೂರು ಮಠದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜೂ ಪ್ರಾರಂಭವಾದವು. ಅನ್ನದಾಸೋಹದೊಡನೆ ವಿದ್ಯಾದಾಸೋಹವನ್ನೂ ಮಠಗಳು ಕೈಗೊಂಡ ಪರಂಪರೆಯದು. ನಮ್ಮ ಶಾಲೆಯ ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ, ಸೀಟು ದೊರೆತೂ ಮೊದಲ ಕಂತಿನ ಶುಲ್ಕಕ್ಕೆ ಪರದಾಡುವ ಒಂದಿಬ್ಬರು ಮಕ್ಕಳಿಗಾಗಿ ನಿಧಿಯೊಂದನ್ನು ಇರಿಸಬಹುದು. ಜೂನ್ ತಿಂಗಳಲ್ಲಿ ಕೈಗೆ ಬರುವ ಹಣಕ್ಕೂ ಡಿಸೆಂಬರಿನಲ್ಲಿ ಬರುವ ವಿದ್ಯಾರ್ಥಿವೇತನಕ್ಕೂ ಇರುವ ಅಂತರವನ್ನು ಬಡ ಪಾಲಕರೇ ಬಲ್ಲರು. ಇಂಜಿನಿಯರಿಂಗ್ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಅಧ್ಯಾಪಕರು, ಪ್ರಯೋಗಾಲಯ, ವಸತಿನಿಲಯ, ನಿಜವಾಗಿ ತಗಲುವ ಖರ್ಚು ಇವನ್ನು ಕುರಿತು ವರ್ಷಕ್ಕೊಂದು ಪತ್ರವನ್ನು ಮುಖ್ಯಾಧ್ಯಾಪಕರಿಗೆ ಬರೆದು ಕಳುಹಿಸಿದರೆ, ಮುಂದಿನ ಮೇ ತಿಂಗಳಲ್ಲಿ ಬಾಗಿಲಿಗೆ ಬರುವ ಪಾಲಕರ ಮುಂದೆ ಅದನ್ನೇ ಬಿಚ್ಚಿ ಓದಬಹುದು.